ಬಯಲಲ್ಲಿ ಕಾಣೆಯಾದ ಸಸಿಗಳು

ಸೋಮವಾರ ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಪುರಸಭೆಯ ತೋಟದಕ್ಕ ದೂರು ಹಿಡಿದುಕೊಂಡು ಠಾಣೆಯ ಮೆಟ್ಟಿಲು ಹತ್ತಿದಾಗ ಇನ್‌ಸ್ಪೆಕ್ಟರ್ ತಮ್ಮ ಚಹಾದ ಲೋಟವನ್ನೇ ದಿಟ್ಟಿಸುತ್ತಿದ್ದರು. ನಿನ್ನೆಗಿಂತ ಇವತ್ತು ಚಹಾ ಒಂದು ಗುಟುಕು ಕಡಿಮೆ ಇದೆ ಎಂದು ಅವರಿಗೆ ಅನ್ನಿಸಿತ್ತು. ಊರಿನಲ್ಲಿ ಅವರಿಗೆ ಅನುಮಾನದ ಸಾಹೇಬ ಎಂದು ಹೆಸರು. ಮನೆಯಲ್ಲಿ ಹೆಂಡತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೇವರೇ ಬಂದು ಬಾಗಿಲು ತಟ್ಟಿದರೂ ನೀವು ಗುರುತಿನ ಚೀಟಿ ಕೇಳ್ತೀರಿ ಎಂದು ಹಂಗಿಸುತ್ತಿದ್ದರು. ಕೇಳುವುದರಲ್ಲಿ ತಪ್ಪೇನಿದೆ ಎಂದು ಅವರಿಗೆ ಪ್ರಾಮಾಣಿಕವಾಗಿಯೇ ಅರ್ಥವಾಗುತ್ತಿರಲಿಲ್ಲ.

ತೋಟದಕ್ಕ ಪುರಸಭೆಯ ಉದ್ಯಾನ ವಿಭಾಗದ ಮೇಲ್ವಿಚಾರಕಿ. ಐವತ್ತೈದು ದಾಟಿದ ಗಟ್ಟಿ ಹೆಂಗಸು, ಮಾತು ಕಡಿಮೆ. ದೂರಿನ ಸಾರಾಂಶ ಇಷ್ಟು. ಊರಿನ ಪೂರ್ವಕ್ಕಿರುವ ಹದಿನೈದು ಎಕರೆ ಹುಲ್ಲುಬಯಲಿನಲ್ಲಿ ಪುರಸಭೆ ಒಂದೂವರೆ ತಿಂಗಳ ಹಿಂದೆ ನಾನೂರು ಸಸಿ ನೆಡಿಸಿತ್ತು. ಅವುಗಳಲ್ಲಿ ನಡುಭಾಗದ ಅರವತ್ತೆಂಟು ಸಸಿಗಳು ಶನಿವಾರ ಸಂಜೆಯಿಂದ ಇಂದು ಬೆಳಗಿನ ನಡುವೆ ಕಾಣೆಯಾಗಿವೆ.

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ ಸರ್."

"ಯಾರ ಮೇಲೂ ಇಲ್ವಾ?"

"ಅಧ್ಯಕ್ಷರು ದೂರು ಕೊಡು ಅಂದ್ರು, ತಂದಿದೀನಿ."

ಅನುಮಾನವೇ ಇಲ್ಲದ ಮನುಷ್ಯರನ್ನು ಕಂಡರೆ ಇನ್‌ಸ್ಪೆಕ್ಟರಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಆದರೂ ದೂರು ದೂರೇ. ಸಾರ್ವಜನಿಕ ಆಸ್ತಿಯ ಕಳವು ಮತ್ತು ಹಾನಿ ಎಂದು ಎಫ್‌ಐಆರ್ ದಾಖಲಾಯಿತು. ಅಷ್ಟರಲ್ಲಿ ಪುರಸಭೆಯ ಅಧ್ಯಕ್ಷೆಯ ಫೋನೂ ಬಂತು. ಅವರಿಗೆ ಅನುಮಾನಗಳಿಗೆ ಬರವಿರಲಿಲ್ಲ.

"ಇದು ಲೇಔಟ್ ಸಾಹುಕಾರಂದೇ ಕೆಲಸ ಇನ್‌ಸ್ಪೆಕ್ಟರೇ. ಬಯಲಿನ ಕಾವಲುಗಾರನ ಕೈ ಬೆಚ್ಚಗೆ ಮಾಡಿದಾನೆ. ಗುರುವಾರ ಸಭೆ ಇದೆ. ಅಷ್ಟರಲ್ಲಿ ನೀವೇನೂ ಹೇಳ್ಲಿಲ್ಲ ಅಂದ್ರೆ ಕಾವಲುಗಾರನನ್ನ ಕೆಲಸದಿಂದ ತೆಗೆದು, ಅಲ್ಲಿ ಕೊಟ್ಟಿರೋ ರೂಮೂ ಖಾಲಿ ಮಾಡಿಸ್ತೀನಿ. ಜನ ದುಡ್ಡು ಕೊಟ್ಟು ಉಳಿಸಿಕೊಂಡ ಜಾಗ ಅದು."

ಅದು ನಿಜವೇ. ಊರು ಬೆಳೆಯುತ್ತ ಬೆಳೆಯುತ್ತ ಸುತ್ತಲೂ ಸೈಟು, ಶೆಡ್ಡು, ಗೋದಾಮು ಎದ್ದು, ಕಣ್ಣು ಹಾಯಿಸಲು ಉಳಿದದ್ದು ಆ ಬಯಲೊಂದೇ. ಬಯಲು ಉಳಿಸುವ ಯೋಜನೆ ಎಂದು ಪುರಸಭೆ ಮನೆ ಕಂದಾಯದ ಮೇಲೆ ಒಂದಿಷ್ಟು ಸೆಸ್ ಹಾಕಿ, ಲೇಔಟ್ ಸಾಹುಕಾರನ ಬಾಯಿಗೆ ಬೀಳಲಿದ್ದ ಜಾಗವನ್ನು ತಾನೇ ಕೊಂಡಿತ್ತು. ಹುಲ್ಲು, ನಡುವೆ ಒಂದು ಸಣ್ಣ ನೀರಿನ ಕುಂಟೆ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು. ಕೊಂಡಮೇಲೆ ಬರೀ ಹುಲ್ಲು ತೋರಿಸಿ ಜನರ ಮುಂದೆ ನಿಲ್ಲುವುದು ಹೇಗೆ ಎಂದು ಅಧ್ಯಕ್ಷೆ ಸಸಿ ನೆಡಿಸಿದ್ದರು.

ಹತ್ತೂವರೆಗೆ ಇನ್‌ಸ್ಪೆಕ್ಟರ್, ಠಾಣೆಯ ದಫೇದಾರಮ್ಮ ಮತ್ತು ಸಾಕ್ಷಿಗೆಂದು ಇಬ್ಬರು ಪಂಚರು ಸ್ಥಳ ಪಂಚನಾಮೆಗೆ ಬಯಲಿಗೆ ಬಂದರು. ದಫೇದಾರಮ್ಮ ಇನ್‌ಸ್ಪೆಕ್ಟರ್‌ಗಿಂತ ನಾಲ್ಕು ವರ್ಷ ಹಿರಿಯರು. ಊರಲ್ಲಿ ಯಾರ ಮನೆಯ ಒಲೆ ಯಾವಾಗ ಹೊತ್ತುತ್ತದೆ ಎಂಬುದೂ ಅವರಿಗೆ ಗೊತ್ತು. ಪಶ್ಚಿಮಕ್ಕೆ ಪುರಸಭೆಯ ಕ್ವಾರ್ಟರ್ಸ್, ಪೂರ್ವಕ್ಕೆ ಹಳೇ ಮನೆಗಳ ಒಂದು ಸಾಲು, ಅದರ ಬೆನ್ನಿಗೆ ಸಾಹುಕಾರನ ಲೇಔಟು. ಸಸಿ ಕಾಣೆಯಾದ ಜಾಗ ಒಂದು ಪಟ್ಟಿಯಾಗಿ ಕ್ವಾರ್ಟರ್ಸ್ ಕಡೆಯಿಂದ ಹೊರಟು ಆ ಮನೆಗಳ ಕಡೆಗೆ ಹೋಗಿತ್ತು.

"ರಸ್ತೆ ಮಾಡೋಕೆ ಹೊರಟಂಗಿದೆ ಸರ್," ಎಂದ ಪಂಚರಲ್ಲೊಬ್ಬ.

ಇನ್‌ಸ್ಪೆಕ್ಟರ್ ಮೊಣಕಾಲೂರಿ ನೆಲ ನೋಡುತ್ತಿದ್ದರು. ಸಸಿ ಕಿತ್ತಲ್ಲಿ ಗುಂಡಿ ಇರಲಿಲ್ಲ. ಪ್ರತಿಯೊಂದು ಗುಂಡಿಯನ್ನೂ ಮುಚ್ಚಿ, ಮಣ್ಣು ಮೆಟ್ಟಿ, ಮೇಲೆ ಬೇರುಸಹಿತ ಹುಲ್ಲಿನ ಹೆಂಟೆ ಕೂರಿಸಿ, ನೀರು ಹಾಕಿದ್ದರು. ಬೆರಳಿಟ್ಟರೆ ಇನ್ನೂ ತಂಪು. ಮುರಿದ ಒಂದು ಕಡ್ಡಿ, ಉದುರಿದ ಒಂದು ಎಲೆ ಕೂಡ ಸುತ್ತಮುತ್ತ ಸಿಗಲಿಲ್ಲ.

"ಏನಮ್ಮ ಇದು? ಕಳ್ಳ ಕದ್ದು ಹೋಗೋವಾಗ ಮನೆ ಗುಡಿಸಿ ಸಾರಿಸಿ ಹೋಗ್ತಾನಾ?"

"ನಮ್ಮನೆ ಕೆಲಸದವಳೂ ಇಷ್ಟು ನೀಟಾಗಿ ಮಾಡಲ್ಲ ಸರ್," ಎಂದರು ದಫೇದಾರಮ್ಮ.

ಬಯಲಿನ ಮೂಲೆಯ ಒಂದು ರೂಮಿನಲ್ಲಿ ಕಾವಲುಗಾರ ಮತ್ತು ಅವನ ಹೆಂಡತಿ ಇದ್ದರು. ಆರಡಿ ಮೇಲೆ ಮೂರಿಂಚು ಇದ್ದ ಅವನನ್ನು ಎಲ್ಲರೂ ಉದ್ದಣ್ಣ ಎಂದೇ ಕರೆಯುತ್ತಿದ್ದರು. ಬಾಗಿಲಿಂದ ಹೊರಬರುವಾಗ ತಲೆ ತಗ್ಗಿಸಿದವನು, ಪೊಲೀಸರನ್ನು ಕಂಡು ತಗ್ಗಿಸಿದ ತಲೆಯನ್ನು ಹಾಗೇ ಇಟ್ಟುಕೊಂಡ.

"ನಿನ್ನೆ ಎಲ್ಲಿದ್ದೆ?"

"ಇಲ್ಲೇ ಇದ್ದೆ ಸರ್."

"ಇಡೀ ದಿನ?"

"ಇಡೀ ದಿನ ಸರ್. ಹುಳ ಕೂಡ ಒಳಗೆ ಬಂದಿಲ್ಲ."

"ಅರವತ್ತೆಂಟು ಸಸಿ ಕಾಲು ಬಂದು ನಡೆದುಕೊಂಡು ಹೋದ್ವಾ?"

ಅಷ್ಟರಲ್ಲಿ ಒಳಗಿನಿಂದ ಅವನ ಹೆಂಡತಿ ನೀರು ತಂದಳು. ಅವಳ ಬಲಗಣ್ಣಿಗೆ ಬಿಳಿ ಪಟ್ಟಿ ಕಟ್ಟಿತ್ತು, ಹೊಸ ಬಟ್ಟೆ. ದಫೇದಾರಮ್ಮ ಲೋಟ ತೆಗೆದುಕೊಳ್ಳುತ್ತ ಮನೆಯವರಂತೆ ಕೇಳಿದರು.

"ಅಯ್ಯೋ, ಕಣ್ಣಿಗೇನಾಯ್ತು ತಾಯಿ? ಆಪರೇಷನ್ನಾ?"

"ಹೂನಮ್ಮ. ನಿನ್ನೆ ಮಾಡಿಸ್ಕೊಂಡು ಬಂದ್ವಿ. ಪಕ್ಕದೂರಿನ ಆಸ್ಪತ್ರೆಲಿ. ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೋದವರು ಕತ್ತಲಾದ ಮೇಲೆ ಬಂದ್ವಿ."

"ಒಬ್ಬಳೇ ಹೋಗಿದ್ದಾ?"

"ಒಂದು ಕಣ್ಣಲ್ಲಿ ಒಬ್ಬಳೇ ಹೆಂಗೆ ಹೋಗ್ಲಿ? ಇವರೇ ಕರ್ಕೊಂಡು ಹೋಗಿದ್ರು."

ಉದ್ದಣ್ಣ ಕಣ್ಣು ಮುಚ್ಚಿಕೊಂಡ. ಇನ್‌ಸ್ಪೆಕ್ಟರ್ ನೀರು ಕುಡಿದು, ಲೋಟ ಕೆಳಗಿಟ್ಟು, ಜೀಪಿನ ಕಡೆ ಕೈ ತೋರಿಸಿದರು.

ಠಾಣೆಯಲ್ಲಿ ಎಷ್ಟು ಕೇಳಿದರೂ ಅವನು ಒಂದೇ ಮಾತು ಹೇಳಿದ. ಹೋದದ್ದು ನಿಜ, ಸುಳ್ಳು ಹೇಳಿದ್ದು ತಪ್ಪು, ಸಸಿ ವಿಷಯ ಗೊತ್ತಿಲ್ಲ. ರಜೆ ಯಾರು ಕೊಟ್ಟರು ಎಂದರೆ ಮಾತ್ರ ಗೋಡೆ ನೋಡುತ್ತಿದ್ದ. ಯಾರೂ ಕೊಡಲಿಲ್ಲ, ತಾನೇ ಹೋದೆ ಎಂದ. ಪುರಸಭೆ ಆವತ್ತು ಸಂಜೆಯೇ ಅವನನ್ನು ಅಮಾನತು ಮಾಡಿತು. ಇನ್‌ಸ್ಪೆಕ್ಟರ್ ಅವನನ್ನು ಮನೆಗೆ ಕಳಿಸಿದರೂ ಮರುದಿನ ಬೆಳಿಗ್ಗೆ ಮತ್ತೆ ಬಂದು ಠಾಣೆಯ ಬೆಂಚಿನ ಮೇಲೆ ಕೂರಬೇಕು ಎಂದರು. ಅವನು ಬಂದು ಕೂತ. ಅವನ ಮಂಡಿಗಳು ಓಡಾಡುವವರಿಗೆಲ್ಲ ತಾಗುತ್ತಿದ್ದವು.

ಮಂಗಳವಾರ ಹನ್ನೊಂದಕ್ಕೆ ಲೇಔಟ್ ಸಾಹುಕಾರ ವಿಚಾರಣೆಗೆ ಬಂದ. ಕುರ್ಚಿಯಲ್ಲಿ ಕೂರುವ ಮೊದಲು ಅದನ್ನು ಕರ್ಚೀಫಿನಿಂದ ಒರೆಸಿದ.

"ಬಯಲಲ್ಲಿ ರಸ್ತೆ ಬೇಕಿತ್ತಂತೆ ನಿಮಗೆ."

"ಬೇಕಿತ್ತು. ಈಗಲೂ ಬೇಕು. ಅದರಲ್ಲಿ ಮುಚ್ಚುಮರೆ ಏನಿದೆ?"

"ಅದಕ್ಕೆ ಸಸಿ ಕೀಳಿಸಿದ್ರಾ?"

ಸಾಹುಕಾರ ನಕ್ಕ. "ಸಾಹೇಬ್ರೇ, ನಾನು ಕೇಳಿದ್ದು ಉತ್ತರದ ಅಂಚಲ್ಲಿ. ಇವರು ಹೇಳೋ ಪಟ್ಟಿ ಎಲ್ಲಿಗೆ ಹೋಗಿ ಮುಟ್ಟುತ್ತೆ ನೋಡಿದೀರಾ? ಹಳೇ ಮನೆಗಳ ಬಚ್ಚಲ ಗೋಡೆಗೆ. ಅಲ್ಲಿ ರಸ್ತೆ ಮಾಡಿ ನಾನು ಯಾರ ಬಚ್ಚಲಿಗೆ ಕಾರು ನುಗ್ಗಿಸ್ಲಿ? ಇನ್ನೊಂದು ಮಾತು. ನಾನು ಕೀಳಿಸೋದಾದ್ರೆ ಜೆಸಿಬಿ ತರಿಸ್ತೀನಿ. ಕಿತ್ತ ಮೇಲೆ ಹುಲ್ಲು ನೆಟ್ಟು ನೀರು ಹಾಕೋ ಅಷ್ಟು ಪುರುಸೊತ್ತು ನನಗಿಲ್ಲ."

ಅವನ ಮುಖ ಇನ್‌ಸ್ಪೆಕ್ಟರಿಗೆ ಹಿಡಿಸಲಿಲ್ಲ, ಮಾತು ಹಿಡಿಸಿತು. ಹಿಡಿಸದ ಮನುಷ್ಯ ನಿಜ ಹೇಳಿದಾಗ ಆಗುವ ಬೇಸರವೇ ಬೇರೆ.

ಮಧ್ಯಾಹ್ನ ಒಂದು ಗಂಟೆಗೆ ತೋಟದಕ್ಕ ಊಟದ ಡಬ್ಬಿ ಹಿಡಿದು ಬಂದರು. ಸೀದಾ ಬೆಂಚಿನ ಹತ್ತಿರ ಹೋಗಿ ಉದ್ದಣ್ಣನ ಪಕ್ಕ ಡಬ್ಬಿ ಇಟ್ಟರು. "ತಿನ್ನು," ಎಂದರು. ಅವನು ತಲೆ ಎತ್ತದೆ, "ನೀವ್ಯಾಕೆ ಬರೋಕೆ ಹೋದ್ರಿ ಅಕ್ಕ, ಹೋಗಿ," ಎಂದು ಪಿಸುಗುಟ್ಟಿದ. ಅವರು ಹೋಗಲಿಲ್ಲ. ಇನ್‌ಸ್ಪೆಕ್ಟರರ ಬಾಗಿಲ ತನಕ ಬಂದು ನಿಂತರು. ಬಾಯಿ ತೆರೆದರು, ಮುಚ್ಚಿದರು.

"ಏನಾದ್ರೂ ಹೇಳೋದಿತ್ತಾ?"

"ಇಲ್ಲ ಸರ್. ಅವನಿಗೆ ಖಾರ ಆಗಲ್ಲ. ಸ್ಟೇಷನ್ ಊಟ ಕೊಡಬೇಡಿ."

ಅವರು ಹೊರಟು ಹೋದ ಮೇಲೆ ಇನ್‌ಸ್ಪೆಕ್ಟರ್ ದಫೇದಾರಮ್ಮನನ್ನು ಕರೆದರು.

"ದೂರು ಕೊಟ್ಟವರೇ ಆರೋಪಿಗೆ ಊಟ ತಂದುಕೊಡೋದನ್ನ ನಿಮ್ಮ ಸರ್ವೀಸಲ್ಲಿ ನೋಡಿದೀರಾ?"

"ಗಂಡನ ಮೇಲೆ ದೂರು ಕೊಟ್ಟ ಹೆಂಡ್ತೀರು ತಂದುಕೊಡ್ತಾರೆ ಸರ್."

"ಇವರು ಹೆಂಡ್ತಿ ಅಲ್ವಲ್ಲ."

"ಅಲ್ಲ. ಆದ್ರೆ ತೋಟದಕ್ಕ ಕೈ ಕೆಳಗಿನವರನ್ನ ಚೆನ್ನಾಗಿ ನೋಡ್ಕೋತಾರೆ. ರಜೆ ಬೇಕು ಅಂದ್ರೆ ಬಾಯಿಮಾತಲ್ಲೇ ಕೊಟ್ಟುಬಿಡ್ತಾರೆ. ಪಾಪ, ಅದಕ್ಕೇ ಎರಡು ಸಲ ಮೆಮೋ ತಿಂದಿದಾರೆ."

ಇನ್‌ಸ್ಪೆಕ್ಟರರ ಕಿವಿ ನೆಟ್ಟಗಾಯಿತು. ಹಾಗಾದರೆ ಭಾನುವಾರ ಬಯಲಲ್ಲಿ ಯಾರೂ ಇರುವುದಿಲ್ಲ ಎಂಬುದು ಒಬ್ಬರಿಗೆ ಗೊತ್ತಿತ್ತು. ಉದ್ದಣ್ಣ ಗೋಡೆ ನೋಡುತ್ತ ಕಾಪಾಡುತ್ತಿದ್ದದ್ದು ತನ್ನನ್ನಲ್ಲ, ರಜೆ ಕೊಟ್ಟವರನ್ನು. ಮೂರನೇ ಮೆಮೋ ಅಕ್ಕನ ಕೆಲಸಕ್ಕೇ ಕುತ್ತು ತಂದೀತೆಂದು ಅವನು ತನ್ನ ಕೆಲಸವನ್ನು ಪಣಕ್ಕಿಟ್ಟಿದ್ದ. ಅವನು ಹೀಗೆ ಬಾಯಿ ಬಿಡದೇ ಕೂತರೆ ಗುರುವಾರ ಅವನ ಹೆಂಡತಿ ಕಣ್ಣಿನ ಪಟ್ಟಿ ಬಿಚ್ಚುವ ಮೊದಲೇ ರೂಮು ಬಿಡಬೇಕಾಗುತ್ತದೆ ಎಂದು ಯೋಚಿಸಿ ಇನ್‌ಸ್ಪೆಕ್ಟರಿಗೆ ಸಂಕಟವಾಯಿತು.

ನಾಲ್ಕು ಗಂಟೆಗೆ ಬಯಲಿನ ಸುತ್ತ ದಿನವೂ ವಾಕಿಂಗ್ ಮಾಡುವ ತಾತನೊಬ್ಬನ ಹೇಳಿಕೆ ಪಡೆದರು. ತಾತ ಭಾನುವಾರ ಎರಡು ಹೊತ್ತೂ ಅಲ್ಲಿ ನಡೆದಿದ್ದ.

"ಕಳ್ಳರನ್ನ ನೋಡಿದ್ರಾ?"

"ಕಳ್ಳರಾ? ಯಾರೂ ಇರ್ಲಿಲ್ಲಪ್ಪ. ಪುರಸಭೆಯವರು ಕೆಲಸ ಮಾಡ್ತಿದ್ರು, ಅಷ್ಟೇ."

"ಪುರಸಭೆಯವರು ಅಂತ ಹೇಗೆ ಗೊತ್ತು?"

"ಕೇಸರಿ ಜಾಕೀಟು, ತಳ್ಳೋ ಗಾಡಿ, ಗುದ್ದಲಿ. ಬಿಸಿಲಿಗೆ ತಲೆಗೆ ಬಟ್ಟೆ ಸುತ್ತಿಕೊಂಡಿದ್ರು."

"ಎಷ್ಟು ಜನ?"

"ಒಬ್ಬರೇ."

"ಗಂಡಸೋ ಹೆಂಗಸೋ?"

ತಾತ ತಲೆ ಕೆರೆದುಕೊಂಡ. "ಗುಂಡಿ ತೋಡೋರ ಮುಖ ಯಾರು ನೋಡ್ತಾರೆ ಹೇಳಿ?"

ಹಾಡಹಗಲೇ, ಎಲ್ಲರ ಕಣ್ಣೆದುರೇ ನಡೆದ ಕೆಲಸ. ಇನ್‌ಸ್ಪೆಕ್ಟರ್ ತಾತನಿಂದ ಸಹಿ ಹಾಕಿಸಿಕೊಂಡು ಅಲ್ಲಿಂದಲೇ ಬಯಲಿಗೆ ಇಳಿದರು. ದಫೇದಾರಮ್ಮನ ಕೈಗೆ ಹಗ್ಗದ ಒಂದು ತುದಿ ಕೊಟ್ಟು, ಮುಚ್ಚಿದ ಗುಂಡಿಗಳ ಎರಡೂ ಅಂಚಿಗೆ ಗೂಟ ಹೊಡೆಸುತ್ತ ಸಾಗಿದರು. ನೆಟ್ಟ ಸಾಲುಗಳು ಉತ್ತರ ದಕ್ಷಿಣವಾಗಿದ್ದವು. ಕ್ವಾರ್ಟರ್ಸ್ ಹತ್ತಿರದ ಸಾಲುಗಳಲ್ಲಿ ಕಿತ್ತದ್ದು ಒಂದೊಂದೇ ಸಸಿ. ಪೂರ್ವಕ್ಕೆ ಹೋದಂತೆ ಸಾಲಿಗೆ ಎರಡಾಯಿತು, ಮೂರಾಯಿತು. ಹಳೇ ಮನೆಗಳ ಹತ್ತಿರ ಸಾಲಿಗೆ ನಾಲ್ಕು.

"ರಸ್ತೆ ಅಂದ್ರೆ ಉದ್ದಕ್ಕೂ ಒಂದೇ ಅಗಲ ಇರಬೇಕು," ಎಂದರು ಇನ್‌ಸ್ಪೆಕ್ಟರ್. "ಇದೇನಿದು, ಬೀಸಣಿಗೆ ಬಿಚ್ಚಿದ ಹಾಗೆ?"

ಅವರು ಪಟ್ಟಿಯ ಅಗಲವಾದ ತುದಿಯಲ್ಲಿ ನಿಂತು ಹಿಂದಕ್ಕೆ ತಿರುಗಿದರು. ಎರಡು ಹಗ್ಗಗಳೂ ಹತ್ತಿರವಾಗುತ್ತ ಹೋಗಿ ಕ್ವಾರ್ಟರ್ಸ್‌ನ ಒಂದೇ ಒಂದು ಕಡೆಗೆ ಸೇರುವಂತಿದ್ದವು. ಮೊದಲ ಮಹಡಿಯಲ್ಲಿ ಹಸಿರು ಬಣ್ಣ ಬಳಿದ ಒಂದು ಸಣ್ಣ ಕಿಟಕಿ.

"ಅದು ಯಾರ ಮನೆ?"

ದಫೇದಾರಮ್ಮ ಕೈ ಅಡ್ಡ ಹಿಡಿದು ನೋಡಿದರು. ಉತ್ತರ ಹೇಳುವ ಮೊದಲು ಹಗ್ಗದ ತುದಿಯನ್ನು ಕೆಳಗೆ ಬಿಟ್ಟರು.

"ತೋಟದಕ್ಕನ ಅಡುಗೆಮನೆ ಸರ್."

ಬುಧವಾರ ಬೆಳಿಗ್ಗೆ ಏಳೂವರೆಗೆ, ಇನ್ನೊಂದು ಸಹಿ ಬೇಕಿತ್ತು ಎಂಬ ನೆಪ ಮಾಡಿಕೊಂಡು ಇಬ್ಬರೂ ಆ ಮನೆಗೆ ಹೋದರು. ಒಂಟಿ ಮನುಷ್ಯರ ಮನೆ. ಒಂದೇ ತಟ್ಟೆ ಬೋರಲು ಹಾಕಿತ್ತು. ಹಾಲಿನಲ್ಲಿ ಒಳ್ಳೆಯ ಕುರ್ಚಿ ಎರಡಿದ್ದರೂ ಅವುಗಳ ಮೇಲೆ ಧೂಳು ಕೂತಿತ್ತು. ಅಡುಗೆಮನೆಯ ಕಿಟಕಿಗೆ ಒತ್ತಿಕೊಂಡಿದ್ದ ಸ್ಟೂಲು ಮಾತ್ರ ಕೂತು ಕೂತು ನುಣುಪಾಗಿತ್ತು. ಇನ್‌ಸ್ಪೆಕ್ಟರ್ ನೀರು ಕೇಳುತ್ತ ಒಳಗೇ ಹೋಗಿ ಆ ಸ್ಟೂಲಿನ ಪಕ್ಕ ನಿಂತರು.

ಕಿಟಕಿಯಾಚೆ ಬಯಲು ಬಿಚ್ಚಿಕೊಂಡಿತ್ತು. ನಿನ್ನೆ ಹೊಡೆಸಿದ ಗೂಟಗಳ ನಡುವಿನಿಂದ ಕಣ್ಣು ತಡೆಯಿಲ್ಲದೆ ಓಡಿ, ಹಳೇ ಮನೆಯೊಂದರ ಟೆರೇಸಿಗೆ ಹೋಗಿ ಮುಟ್ಟಿತು. ಅಲ್ಲಿ ಬಟ್ಟೆ ಒಣಹಾಕುವ ಒಂದು ತಂತಿ, ಅಷ್ಟೇ. ಇನ್‌ಸ್ಪೆಕ್ಟರ್ ಕಾದರು. ಸ್ವಲ್ಪ ಹೊತ್ತಿಗೆ ಟೆರೇಸಿನ ಬಾಗಿಲು ತೆರೆದು, ನೀಲಿ ಬಕೆಟ್ ಹಿಡಿದ ಒಬ್ಬ ಹೆಂಗಸು ಬಂದಳು. ಒಂದು ಕಾಲು ಎಳೆದು ನಡೆಯುತ್ತಿದ್ದಳು.

ನೀರಿನ ಲೋಟ ಹಿಡಿದು ಹಿಂದೆ ನಿಂತಿದ್ದ ತೋಟದಕ್ಕ ಇನ್‌ಸ್ಪೆಕ್ಟರರನ್ನು ನೋಡುತ್ತಿರಲಿಲ್ಲ. ಅವರ ಕಣ್ಣು ಇನ್‌ಸ್ಪೆಕ್ಟರರ ಭುಜ ದಾಟಿ ಆಚೆ ಹೋಗಿತ್ತು. ಬಟ್ಟೆ ಒಂದೊಂದಾಗಿ ತಂತಿಗೆ ಏರುವ ತನಕ ಅವರು ಉಸಿರು ಬಿಗಿಹಿಡಿದಿದ್ದರು. ಕೊನೆಯ ಬಟ್ಟೆ ಏರಿದ ಮೇಲೆ ಅವರ ಮುಖ ಸಡಿಲವಾಯಿತು.

"ಅದು ಯಾರು?" ಇನ್‌ಸ್ಪೆಕ್ಟರ್ ತಿರುಗದೆಯೇ ಕೇಳಿದರು.

ದಫೇದಾರಮ್ಮನೇ ಮೆಲ್ಲಗೆ ಹೇಳಿದರು.

"ಇವರ ತಂಗಿ ಸರ್. ತಾಯಿ ಸತ್ತಾಗಿಂದ ಮಾತಿಲ್ಲ ಕತೆಯಿಲ್ಲ. ಹನ್ನೊಂದು ವರ್ಷ ಆಯ್ತು."

"ಏನಾಗಿತ್ತು?"

ಈಗ ತೋಟದಕ್ಕ ಲೋಟವನ್ನು ಕಟ್ಟೆಯ ಮೇಲಿಟ್ಟರು. "ಅಮ್ಮನ್ನ ಕೊನೇಗೆ ನಾನು ನೋಡ್ಕೋತಿದ್ದೆ. ಅವಳು ಬರೋ ಹೊತ್ತಿಗೆ ಅಮ್ಮ ಹೋಗಿಬಿಟ್ಟಿದ್ರು. ನೀನು ಬೇಗ ಹೇಳಿಕಳಿಸ್ಲಿಲ್ಲ ಅಂದ್ಳು. ನೀನು ಬರಬೇಕು ಅಂತಿದ್ರೆ ಮೊದಲೇ ಬರ್ತಿದ್ದೆ ಅಂದೆ. ಹೆಣದ ಎದುರಿಗೇ ಅಂದೆ ಸರ್. ಅಷ್ಟೇ."

"ಸಸಿ ಕಿತ್ತದ್ದು ನೀವೇ."

"ಉದ್ದಣ್ಣನ್ನ ಬಿಟ್ಟುಬಿಡಿ. ಅವನಿಗೇನೂ ಗೊತ್ತಿಲ್ಲ. ರಜೆ ಕೊಟ್ಟಿದ್ದು ನಾನು."

"ಅವನು ಎರಡು ದಿನದಿಂದ ಬೆಂಚಿನ ಮೇಲೆ ಕೂತಿದಾನೆ. ನಾಳೆ ಅವನ ಕೆಲಸ ಹೋಗ್ತಿತ್ತು. ನೀವು ಡಬ್ಬಿ ತಂದುಕೊಟ್ಟು ಸುಮ್ಮನಿದ್ರಿ."

"ಹೇಳೋಣ ಅಂತಾನೇ ಬಂದೆ ಸರ್. ಡಬ್ಬಿ ಇಟ್ಟ ಮೇಲೆ ಹೇಳೋಣ ಅಂತ ನಿಮ್ಮ ಬಾಗಿಲಿಗೂ ಬಂದೆ. ಕದ್ದೆ ಅಂತ ಹೇಳೋಕೆ ನಾಚಿಕೆ ಇರ್ಲಿಲ್ಲ. ಯಾಕೆ ಅಂತ ಕೇಳ್ತೀರಲ್ಲ, ಅದಕ್ಕೆ ಬಾಯಿ ಬರ್ಲಿಲ್ಲ." ಅವರು ಲೋಟವನ್ನು ಕಟ್ಟೆಯ ಒಳಕ್ಕೆ ಸರಿಸಿದರು. "ಅವನಿಗೆ ಅನ್ಯಾಯ ಮಾಡಿದೆ. ಗೊತ್ತು."

ಆಮೇಲೆ ಅವರು ಒಂದೊಂದೇ ಮಾತಾಗಿ ಹೇಳಿದರು. ಬೆಳಿಗ್ಗೆ ಎದ್ದು ಒಲೆ ಹೊತ್ತಿಸುವ ಮೊದಲು ಆ ತಂತಿ ನೋಡಬೇಕು. ಬಟ್ಟೆ ಏರಿದರೆ ಅವಳು ಇದ್ದಾಳೆ ಎಂದು ಅರ್ಥ. ಹೋದ ವರ್ಷ ಹಲವು ದಿನ ತಂತಿ ಖಾಲಿ ಇತ್ತು. ಹುಲ್ಲಿನ ಅಳತೆ ಎಂದು ಸುಳ್ಳು ಹೇಳಿಕೊಂಡು ಆ ಬೀದಿಯಲ್ಲಿ ಮೂರು ಸಲ ಓಡಾಡಿದರು, ಬಾಗಿಲಿಗೆ ಬೀಗ. ಯಾರನ್ನು ಕೇಳುವುದು? ಕೇಳಿದರೆ ಅಕ್ಕ ಸೋತಳು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಒಂದು ಬೆಳಿಗ್ಗೆ ತಂತಿಯ ಮೇಲೆ ಕೆಂಪು ಬಟ್ಟೆಯೊಂದು ಕಂಡಾಗ ಈ ಅಡುಗೆಮನೆಯ ನೆಲದ ಮೇಲೇ ಕೂತು ಅತ್ತರು. ಕಾಲು ಎಳೆಯಲು ಶುರುವಾದದ್ದು ಆಮೇಲೆ. ಮಂಡಿಯ ಆಪರೇಷನ್ ಆಗಿರಬೇಕು ಎಂದು ಅವರೇ ಊಹೆ ಮಾಡಿಕೊಂಡಿದ್ದರು.

"ಬಯಲು ಉಳಿಸೋಕೆ ಎಲ್ಲರಿಗಿಂತ ಮೊದಲು ಸಹಿ ಹಾಕಿದ್ದು ನಾನೇ ಸರ್. ಅಲ್ಲಿ ಮನೆ ಎದ್ದರೆ ಅವಳು ಕಾಣಲ್ಲ ಅಂತ. ಉಳೀತು ಅಂತ ಸಮಾಧಾನ ಆಯ್ತು. ಆಮೇಲೆ ಅಧ್ಯಕ್ಷರು ಮರ ಅಂದ್ರು. ಇನ್ನು ನಾಲ್ಕು ವರ್ಷಕ್ಕೆ ಅವು ಈ ಕಿಟಕಿ ಎತ್ತರಕ್ಕೆ ಬರ್ತವೆ. ಸಭೇಲಿ ಎದ್ದು ಹೇಳಿದೆ, ನಡುವೆ ಹಾಗೇ ಬಿಡೋಣ ಅಂತ. ಯಾಕೆ ಅಂತ ಕೇಳಿದ್ರು. ಅಷ್ಟು ಜನದ ಎದುರಿಗೆ ಏನಂತ ಹೇಳ್ಲಿ? ತಂಗಿ ಬಟ್ಟೆ ಒಣಹಾಕೋದನ್ನ ಇಣುಕಿ ನೋಡಬೇಕು ಅಂತ ಹೇಳ್ಲಾ? ಕೂತುಬಿಟ್ಟೆ. ನನ್ನ ಕೈಯಿಂದಲೇ ನೆಡಿಸಿದ್ರು."

"ಸಸಿ ಎಲ್ಲಿವೆ?"

"ನರ್ಸರಿಯಲ್ಲಿ. ಬಿಸಾಡೋಕೆ ಮನಸ್ಸು ಬರ್ಲಿಲ್ಲ."

ಒಂಬತ್ತೂವರೆಗೆ ಪುರಸಭೆಯ ನರ್ಸರಿಯಲ್ಲಿ ಪಂಚರ ಸಮಕ್ಷಮ ಮಹಜರು ನಡೆಯಿತು. ನೆರಳಿನ ಬಲೆಯ ಕೆಳಗೆ, ಒದ್ದೆ ಗೋಣಿಚೀಲ ಹೊದ್ದು, ಅರವತ್ತೆಂಟು ಸಸಿಗಳು ದೊಡ್ಡ ಚೀಲಗಳಲ್ಲಿ ನಿಂತಿದ್ದವು. ನರ್ಸರಿಯ ಮಣ್ಣು ಕಪ್ಪು. ಈ ಸಸಿಗಳ ಬೇರಿನ ಸುತ್ತ ಮಾತ್ರ ಬಯಲಿನ ಬಿಳಿ ಸುಣ್ಣಕಲ್ಲಿನ ಮಣ್ಣು ಅಂಟಿತ್ತು. ಎಲ್ಲವೂ ಬದುಕಿದ್ದವು, ಕೆಲವು ಹೊಸ ಚಿಗುರೂ ಬಿಟ್ಟಿದ್ದವು. ಇಪ್ಪತ್ತು ವರ್ಷಗಳಿಂದ ಗಿಡ ಬೆಳೆಸಿದ ಕೈಗೆ ಗಿಡ ಕೊಲ್ಲಲು ಬಂದಿರಲಿಲ್ಲ. ಹುಲ್ಲಿನ ಹೆಂಟೆ ಕೂರಿಸದೆ ಗುಂಡಿ ಬಿಟ್ಟು ಹೋಗಲೂ ಬಂದಿರಲಿಲ್ಲ. ಒಂದೆರಡನ್ನಾದರೂ ಮುರಿದು ಎಸೆದಿದ್ದರೆ ಪೊಲೀಸರು ಇನ್ನೂ ಸಾಹುಕಾರನ ಬೆನ್ನು ಹತ್ತಿರುತ್ತಿದ್ದರು.

ಹತ್ತೂ ಹತ್ತಕ್ಕೆ ತೋಟದಕ್ಕನನ್ನು ದಸ್ತಗಿರಿ ಮಾಡಲಾಯಿತು. ಉದ್ದಣ್ಣ ಬೆಂಚಿನಿಂದ ಎದ್ದು ನಿಂತು, ಒಳಗೆ ಬರುತ್ತಿದ್ದ ಅವರನ್ನು ಕಂಡು, ತನ್ನನ್ನು ಬಿಟ್ಟಿದ್ದಾರೆಂಬುದೇ ಅರ್ಥವಾಗದವನಂತೆ ಮತ್ತೆ ಕೂತ. ತೋಟದಕ್ಕ ಅವನ ಮುಂದೆ ನಿಂತು, "ತಪ್ಪಾಯ್ತು ಕಣೋ," ಎಂದರು. ಅವನು, ಡಬ್ಬಿ ತೊಳೆದಿಟ್ಟಿದ್ದೇನೆ ಎಂದ. ಸಿಟ್ಟು ಬಂದಿತ್ತೋ ಇಲ್ಲವೋ, ಅವನ ಮುಖದಲ್ಲಿ ಇನ್‌ಸ್ಪೆಕ್ಟರಿಗೆ ಓದಲಾಗಲಿಲ್ಲ.

ತನಿಖೆ ಪೂರ್ತಿಯಾಗಬೇಕಾದರೆ ತಂಗಿಯ ಹೇಳಿಕೆಯೂ ಬೇಕಿತ್ತು. ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರ್ ಆ ಹಳೇ ಮನೆಗೆ ಹೋದರು. ಬಾಗಿಲು ತೆರೆದ ಹೆಂಗಸಿಗೆ ಅಕ್ಕನದೇ ಗದ್ದ.

"ನಿಮ್ಮ ಅಕ್ಕನ್ನ ಅರೆಸ್ಟ್ ಮಾಡಿದೀವಿ."

"ಯಾವ ಅಕ್ಕ?"

"ನಿಮಗೆ ಎಷ್ಟು ಜನ ಇದಾರೆ?"

ತಂಗಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ಇನ್‌ಸ್ಪೆಕ್ಟರ್ ಟೆರೇಸು ನೋಡಬೇಕು ಎಂದರು. ತಂಗಿ ಒಂದೊಂದೇ ಮೆಟ್ಟಿಲನ್ನು ಕೈಯೂರಿ ಹತ್ತಿದರು, ಹತ್ತಿದ ಮೇಲೆ ಬಹಳ ಹೊತ್ತು ಉಸಿರು ತೆಗೆದುಕೊಂಡರು. ತಂತಿಯ ಮೇಲಿದ್ದ ಹಾಸಿಗೆಯ ಹೊದಿಕೆಯನ್ನು ಇನ್‌ಸ್ಪೆಕ್ಟರ್ ಮುಟ್ಟಿ ನೋಡಿದರು. ಇಸ್ತ್ರಿ ಮಾಡಿದ ಮಡಿಕೆಯ ಗೆರೆಗಳು ಹಾಗೇ ಇದ್ದವು. ಬಕೆಟ್ಟಿನ ಒಳಗೆ ಬೆರಳಾಡಿಸಿದರು. ನೀರಿನ ಪಸೆಯೇ ಇರಲಿಲ್ಲ.

"ಇದು ಒಗೆದ ಬಟ್ಟೆಯಾ?"

"ಒಗೆಯೋದು ಮೆಷಿನ್ನು. ಒಣಗೋದು ಕೆಳಗೆ ಹಿಂದಿನ ಬಾಲ್ಕನೀಲಿ."

"ಮತ್ತೆ ಇದು?"

"ಗಾಳಿಯಾಡ್ಲಿ ಅಂತ ತರ್ತೀನಿ."

"ದಿನಾನಾ?"

"ದಿನಾ."

"ಈ ಮಂಡಿ ಇಟ್ಟುಕೊಂಡು?"

ಇನ್‌ಸ್ಪೆಕ್ಟರ್ ಸಸಿಗಳ ವಿಷಯ, ಅಡುಗೆಮನೆಯ ಸ್ಟೂಲಿನ ವಿಷಯ ಹೇಳಿದರು. ಹೇಳುವುದು ತನಿಖೆಗೆ ಅಗತ್ಯವಿರಲಿಲ್ಲ ಎಂದು ಅವರಿಗೂ ಗೊತ್ತಿತ್ತು. ಕೇಳುತ್ತ ಕೇಳುತ್ತ ತಂಗಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತುಕೊಂಡರು. ಅವರ ಕಣ್ಣು ಸೀದಾ ಹೋದದ್ದು ಬಯಲಿನಾಚೆಯ ಹಸಿರು ಕಿಟಕಿಗೆ, ಅದು ಮುಚ್ಚಿತ್ತು.

ಮಧ್ಯಾಹ್ನ ಅಧ್ಯಕ್ಷೆ ಫೋನು ಮಾಡಿದರು. ಉದ್ದಣ್ಣನ ಅಮಾನತು ರದ್ದಾಗುತ್ತದೆ ಎಂದರು. ಬೆನ್ನಿಗೇ, ಸಿಕ್ಕ ಸಸಿಗಳನ್ನು ಕೂಡಲೇ ಕಳಿಸಿ, ನಾಳೆಯೇ ಮತ್ತೆ ನೆಡಿಸುತ್ತೇನೆ ಎಂದರು.

"ಅವು ಮುದ್ದೆಮಾಲು ಮೇಡಂ, ಕೇಸಿನ ಸಾಕ್ಷ್ಯ. ಕೋರ್ಟಿನ ಅಪ್ಪಣೆ ಇಲ್ಲದೆ ಒಂದು ಎಲೆ ಅಲ್ಲಾಡಿಸೋ ಹಾಗಿಲ್ಲ."

"ಎಷ್ಟು ದಿನ ಆಗುತ್ತೆ?"

"ಕೋರ್ಟಿನ ವಿಷಯ ನಾನು ಹೇಗೆ ಹೇಳ್ಲಿ? ವರ್ಷಗಳೇ ಆಗಬಹುದು."

ಫೋನಿಟ್ಟ ಮೇಲೆ ಇನ್‌ಸ್ಪೆಕ್ಟರ್ ಸಸಿಗಳನ್ನು ಠಾಣೆಯ ಹಿತ್ತಲಿಗೆ ತರಿಸಿ, ದಿನಾ ನೀರು ಹಾಕುವ ಪಾಳಿ ಬರೆಸಿದರು. ಆಪಾದಿತೆಯ ಉದ್ದೇಶ ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ಬಹಳ ಹೊತ್ತು ಪೆನ್ನು ಹಿಡಿದು ಕೂತರು. ಲಾಭ ಇಲ್ಲ, ದ್ವೇಷ ಇಲ್ಲ. ಕೊನೆಗೆ, ಕೌಟುಂಬಿಕ, ಎಂದು ಬರೆದರು.

ಜಾಮೀನು ಸಿಗುವ ಅಪರಾಧವಾದ್ದರಿಂದ ಒಬ್ಬ ಜಾಮೀನುದಾರರು ಬೇಕಿತ್ತು. ಯಾರನ್ನು ಕರೆಸಲಿ ಎಂದರೆ ತೋಟದಕ್ಕ, ನನಗ್ಯಾರಿದಾರೆ ಎಂದರು. ನಾಲ್ಕು ಗಂಟೆಯ ಹೊತ್ತಿಗೆ ಹೊರಗೆ ಆಟೋ ನಿಂತ ಸದ್ದಾಯಿತು. ತಂಗಿ ಕೋಲೂರಿಕೊಂಡು ಒಳಗೆ ಬಂದರು. ಅಕ್ಕನ ಕಡೆ ನೋಡದೆ ಸೀದಾ ಮೇಜಿನ ಹತ್ತಿರ ಬಂದು, ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದರು. ಹಾಕಿದರು. ಹಾಕಿ ಮುಗಿದ ಮೇಲೂ ಹೊರಡಲಿಲ್ಲ. ಅಕ್ಕ ಕಿಟಕಿಯ ಕಡೆ, ತಂಗಿ ಬಾಗಿಲ ಕಡೆ ಮುಖ ಮಾಡಿ ನಿಂತರು. ನಡುವೆ ದಫೇದಾರಮ್ಮ ಸಿಕ್ಕಿಹಾಕಿಕೊಂಡರು.

ಮೊದಲು ತೋಟದಕ್ಕ ಬಾಯಿ ಬಿಟ್ಟರು.

"ದಫೇದಾರಮ್ಮ, ಅವಳಿಗೆ ಹೇಳಿ. ಆ ಮಂಡಿ ಇಟ್ಟುಕೊಂಡು ದಿನಾ ಟೆರೇಸ್ ಹತ್ತಬಾರದಂತೆ."

ದಫೇದಾರಮ್ಮ ಹೇಳಬೇಕಾಗಿಯೇ ಬರಲಿಲ್ಲ. ತಂಗಿ ಕೋಲಿನಿಂದ ನೆಲ ಕುಟ್ಟಿದರು.

"ಅವಳನ್ನೇ ಕೇಳಿ ದಫೇದಾರಮ್ಮ. ನಾನು ಹತ್ತದೇ ಇದ್ರೆ, ನಾನು ಇದೀನಿ ಅಂತ ಅವಳಿಗೆ ಇನ್ಯಾರು ಹೇಳ್ತಾರೆ?"